ಒಂದು ಊರನ್ನು ನೋಡಿ ನಾಡನ್ನು ತಿಳಿಯಬಹುದೇ?

ಕಳೆದ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ಹತ್ತನೆಯ ತರಗತಿಯಲ್ಲಿ ನನ್ನಿಂದ ಸಮಾಜ ವಿಜ್ಞಾನದ ಪಾಠ ಹೇಳಿಸಿಕೊಂಡವಳು; ಈಗ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಪದವಿಗಾಗಿ ಸಂಶೋಧನೆ ಮಾಡುತ್ತಿದ್ದಾಳೆ. ಕುಶಲೋಪರಿ ಮುಗಿದ ಮೇಲೆ ಅವಳ ದನಿ ಇಳಿಯಿತು.

"ಸರ್, ಎರಡು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದ ಹಾಗಾಯ್ತು" ಎಂದಳು.

ಅವಳ ಸಂಶೋಧನೆಯ ವಿಷಯ, ಹಳ್ಳಿಯಿಂದ ದಿನವೂ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿಬರುವ ಹೆಣ್ಣುಮಕ್ಕಳ ಬದುಕು. ಒಂದೇ ಹಳ್ಳಿಯನ್ನು, ಅದರಲ್ಲಿಯೂ ಮೂರೇ ಮನೆಗಳನ್ನು ಆರಿಸಿಕೊಂಡು, ಎರಡು ವರ್ಷಗಳ ಕಾಲ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಉಳಿದು, ಆ ಹೆಂಗಸರ ಜೊತೆಗೆ ನಸುಕಿನ ವ್ಯಾನಿನಲ್ಲಿ ಪ್ರಯಾಣ ಮಾಡಿ ಟಿಪ್ಪಣಿ ಬರೆದಿದ್ದಾಳೆ. ಪ್ರಗತಿ ಪರಿಶೀಲನೆಯ ಸಭೆಯಲ್ಲಿ ಹಿರಿಯರೊಬ್ಬರು, "ಮೂರು ಮನೆ ನೋಡಿ ಥೀಸಿಸ್ ಬರೆಯೋದಾದ್ರೆ ನಮ್ಮಜ್ಜಿಯೂ ಬರೀಬಹುದಲ್ಲಮ್ಮ?" ಎಂದರಂತೆ. ಸಭೆಯಲ್ಲಿದ್ದವರೆಲ್ಲ ನಕ್ಕರಂತೆ. ಮುನ್ನೂರು ಜನಕ್ಕೆ ಪ್ರಶ್ನಾವಳಿ ಹಂಚಿ, ಕೋಷ್ಟಕ ಹಾಕಿ, ಶೇಕಡಾವಾರು ತೆಗೆದು ತಂದರೆ ಮುಂದಿನ ಮಾತು ಎಂದು ಹೇಳಿ ಕಳುಹಿಸಿದ್ದಾರೆ.

"ನೀವೇ ಹೇಳಿ ಸರ್, ಇದನ್ನ ಬಿಟ್ಟುಬಿಡ್ಲಾ, ಉಳಿಸ್ಕೊಳ್ಳಲಾ?" ಎಂದು ಕೇಳಿದಳು.

"ಬಿಡಬೇಡಮ್ಮ" ಎಂದೆ. ಆದರೆ ಏಕೆ ಬಿಡಬಾರದು ಎಂಬುದನ್ನು ಆ ಹೊತ್ತಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ನಾನು ಸಂಶೋಧಕನಲ್ಲ, ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ಆದರೂ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯವಿದೆ. ಅಭಿಪ್ರಾಯದ ಹಿಂದೆ ಒಂದು ಹಳೆಯ ಸಾಲವೂ ಇದೆ. ಅವೆರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅವಳ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಮೊದಲಿಗೆ ಹೆಸರಿನ ವಿಚಾರ. ಇಂಗ್ಲಿಷಿನ 'ಕೇಸ್ ಸ್ಟಡಿ' ಎಂಬುದನ್ನು ನಮ್ಮ ಶಿಕ್ಷಣ ಮನೋವಿಜ್ಞಾನದ ಪುಸ್ತಕಗಳು 'ವ್ಯಕ್ತಿ ಅಧ್ಯಯನ' ಎನ್ನುತ್ತವೆ. ಸಮಾಜ ವಿಜ್ಞಾನದವರು 'ಪ್ರಕರಣ ಅಧ್ಯಯನ' ಎನ್ನುತ್ತಾರೆ. ಒಬ್ಬ ವ್ಯಕ್ತಿ, ಒಂದು ಕುಟುಂಬ, ಒಂದು ಶಾಲೆ, ಒಂದು ಊರು, ಅಷ್ಟೇ ಏಕೆ, ಒಂದು ಜಗಳವೂ ಪ್ರಕರಣವಾಗಬಹುದು. ಅದನ್ನು ಅದರ ಪರಿಸರದಿಂದ ಕಿತ್ತು ತೆಗೆಯದೆ, ಅದು ನಡೆಯುವ ಜಾಗದಲ್ಲಿಯೇ, ಎಲ್ಲ ಕಡೆಯಿಂದಲೂ, ಸಾಕಷ್ಟು ಕಾಲ ನೋಡಿ ಅರ್ಥಮಾಡಿಕೊಳ್ಳುವುದೇ ಈ ವಿಧಾನ. ಸಮೀಕ್ಷೆಯು ಅನೇಕರ ಬಗ್ಗೆ ಸ್ವಲ್ಪ ತಿಳಿಸುತ್ತದೆ. ಪ್ರಕರಣ ಅಧ್ಯಯನವು ಸ್ವಲ್ಪ ಜನರ ಬಗ್ಗೆ ಬಹಳ ತಿಳಿಸುತ್ತದೆ.

ಈ ವಿಧಾನವನ್ನು ಸಮರ್ಥಿಸಲು ಹೊರಡುವವರು ಸಾಮಾನ್ಯವಾಗಿ ನಮ್ಮ ಗಾದೆಯನ್ನೇ ಮುಂದಿಡುತ್ತಾರೆ: ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು. ಕೇಳಲು ಇಂಪಾಗಿದೆ. ಆದರೆ ಇಲ್ಲಿ ಈ ಗಾದೆ ಒಪ್ಪುವುದಿಲ್ಲ ಎಂಬುದು ನನ್ನ ಭಾವನೆ. ಒಂದಗುಳು ಸಾಕಾಗುವುದು ಏಕೆಂದರೆ, ಆ ಪಾತ್ರೆಯ ಅಕ್ಕಿಯೆಲ್ಲ ಒಂದೇ ತಳಿಯದು, ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ ಬೆಂದದ್ದು. ಸಮಾಜವೆಂಬುದು ಹಾಗಿಲ್ಲ. ಒಂದು ಹಳ್ಳಿಯನ್ನು ನೋಡಿ ಎಲ್ಲ ಹಳ್ಳಿಗಳೂ ಹೀಗೆಯೇ ಎಂದು ಹೇಳಹೊರಟರೆ ಆ ಹಿರಿಯರು ನಕ್ಕದ್ದು ಸರಿಯೇ ಆಗುತ್ತದೆ.

ಆದರೆ ಅಡುಗೆಮನೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆಯಲ್ಲವೇ? ಅನ್ನ ಬೇಯಲಿಲ್ಲ ಎಂದು ಗೊತ್ತಾಯಿತು, ಏಕೆ ಬೇಯಲಿಲ್ಲ? ಅಕ್ಕಿ ಹಳತೇ, ನೀರು ಕಡಿಮೆಯಾಯಿತೇ, ಸೌದೆ ಹಸಿಯಿತ್ತೇ? ಇದನ್ನು ತಿಳಿಯಲು ಊರಿನ ಮುನ್ನೂರು ಮನೆಗಳ ಒಂದೊಂದು ಅಗುಳನ್ನು ತಂದು ಹಿಸುಕಿದರೆ ಪ್ರಯೋಜನವಿಲ್ಲ. ಒಂದು ಒಲೆಯ ಮುಂದೆ ಮೊದಲಿನಿಂದ ಕೊನೆಯವರೆಗೆ ಕೂತಿರಬೇಕು. ಎಷ್ಟು ಮನೆಗಳಲ್ಲಿ ಅನ್ನ ಬೆಂದಿಲ್ಲ ಎಂಬುದಕ್ಕೆ ಸಮೀಕ್ಷೆ ಬೇಕು. ಹೇಗೆ, ಏಕೆ ಬೇಯಲಿಲ್ಲ ಎಂಬುದಕ್ಕೆ ಒಲೆಯ ಮುಂದೆ ಕೂರುವವರು ಬೇಕು. ಎರಡೂ ಬೇರೆ ಬೇರೆ ಪ್ರಶ್ನೆಗಳು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದು.

ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಸಮಾಜಶಾಸ್ತ್ರದಲ್ಲಿ ಪ್ರಪಂಚದ ಗಮನ ಸೆಳೆದ ಗ್ರಾಮಾಧ್ಯಯನಗಳಲ್ಲಿ ಕೆಲವು ನಮ್ಮ ಹಳೆಯ ಮೈಸೂರು ಸೀಮೆಯಲ್ಲಿಯೇ ನಡೆದಿವೆ.

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸರು ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ, ಆಮೇಲೆ ಆಕ್ಸ್‌ಫರ್ಡಿಗೆ ಹೋದವರು. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ನೆಲೆಸಿದರು. 1952ರಲ್ಲಿ ಮತ್ತೆ ಹೋದರು. ಊರಿನ ನಿಜವಾದ ಹೆಸರನ್ನು ಮರೆಮಾಡಿ ಅದಕ್ಕೆ 'ರಾಂಪುರ' ಎಂದು ಹೆಸರಿಟ್ಟರು.

ಆ ಕಾಲದಲ್ಲಿ ಜಾತಿಯ ಬಗ್ಗೆ ಪಂಡಿತರು ಬರೆಯುತ್ತಿದ್ದುದು ಹೆಚ್ಚಾಗಿ ಧರ್ಮಶಾಸ್ತ್ರಗಳ ಆಧಾರದ ಮೇಲೆ. ಬ್ರಾಹ್ಮಣ ಮೇಲೆ, ಶೂದ್ರ ಕೆಳಗೆ, ನಾಲ್ಕು ಮೆಟ್ಟಿಲು. ನಾವು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದುದೂ ಅದನ್ನೇ. ರಾಂಪುರದಲ್ಲಿ ಶ್ರೀನಿವಾಸರು ಕಂಡದ್ದು ಬೇರೆ. ಅಲ್ಲಿ ಮಾತು ನಡೆಯುತ್ತಿದ್ದುದು ಒಕ್ಕಲಿಗರದು. ಸಂಖ್ಯೆಯಲ್ಲಿ ಅವರೇ ಹೆಚ್ಚು, ಜಮೀನು ಅವರದು, ಊರಿನ ಯಜಮಾನಿಕೆ ಅವರದು. ಬೇರೆ ಜಾತಿಯವರ ಜಗಳವೂ ತೀರ್ಮಾನಕ್ಕಾಗಿ ಅವರ ಜಗಲಿಗೆ ಬರುತ್ತಿತ್ತು. ಶಾಸ್ತ್ರದ ಮೆಟ್ಟಿಲಿನಲ್ಲಿ ಯಾರು ಮೇಲೆ ಎಂಬುದು ಒಂದು, ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಇನ್ನೊಂದು. ಈ ಕಾಣ್ಕೆಯಿಂದ ಹುಟ್ಟಿದ್ದೇ 'ಪ್ರಬಲ ಜಾತಿ' ಎಂಬ ಪರಿಕಲ್ಪನೆ. ಅದನ್ನು ಕುರಿತ ಅವರ ಪ್ರಸಿದ್ಧ ಲೇಖನ ಪ್ರಕಟವಾದದ್ದು 1959ರಲ್ಲಿ. ಅದೇ ವರ್ಷ, ಊರಿನ ಕುಂಬಾರನೊಬ್ಬನಿಗೂ ಪೂಜಾರಿಯೊಬ್ಬನಿಗೂ ನಡೆದ ಒಂದೇ ಒಂದು ಜಗಳವನ್ನು ಎತ್ತಿಕೊಂಡು ಇನ್ನೊಂದು ಲೇಖನವನ್ನೂ ಅವರು ಬರೆದರು. ಒಂದು ಜಗಳವನ್ನು ಬಿಡಿಸಿ ನೋಡಿದರೆ ಊರಿನ ಕಟ್ಟುಪಾಡೆಲ್ಲ ಬಿಚ್ಚಿಕೊಳ್ಳುತ್ತದೆ ಎಂಬುದಕ್ಕೆ ಅದೊಂದು ಪಾಠ.

ಇಂದು ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ 'ಪ್ರಬಲ ಜಾತಿ', 'ಪ್ರಬಲ ಸಮುದಾಯ' ಎಂಬ ಮಾತು ಕೇಳಿಬರುತ್ತದೆ. ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಜಾತಿಗಳ ಬಗ್ಗೆ ಅದನ್ನು ಬಳಸುತ್ತಾರೆ. ರಾಂಪುರದಂಥದೇ ಹಳ್ಳಿಗಳು ಎಲ್ಲೆಡೆಯೂ ಇವೆ ಎಂದು ಇದರ ಅರ್ಥವಲ್ಲ. ರಾಂಪುರ ಕಲಿಸಿಕೊಟ್ಟ ಪ್ರಶ್ನೆಯನ್ನು ಎಲ್ಲೆಡೆಯೂ ಕೇಳಬಹುದು ಎಂದು ಅರ್ಥ. ಅಮೆರಿಕದ ರಾಬರ್ಟ್ ಯಿನ್ ಎಂಬ ವಿದ್ವಾಂಸರು ಪ್ರಕರಣ ಅಧ್ಯಯನದ ಬಗ್ಗೆ 1984ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದ್ದಾರೆ: ಒಂದು ಪ್ರಕರಣದಿಂದ ನಾವು ಜನಸಂಖ್ಯೆಯ ಬಗ್ಗೆ ಸಾಮಾನ್ಯ ತೀರ್ಮಾನ ಮಾಡುವುದಿಲ್ಲ, ಸಿದ್ಧಾಂತದ ಬಗ್ಗೆ ಮಾಡುತ್ತೇವೆ. ಊರಿನ ಅಂಕಿಅಂಶ ಊರಿನಲ್ಲಿಯೇ ಉಳಿಯುತ್ತದೆ. ಊರು ತೋರಿಸಿಕೊಟ್ಟ ಕಾರಣದ ಎಳೆ ಮಾತ್ರ ಹೊರಗೆ ಪಯಣಿಸುತ್ತದೆ.

ಎರಡನೆಯ ಉದಾಹರಣೆ ಮಂಡ್ಯದ್ದು. ಇದು ನನಗೆ ಇನ್ನೂ ಪ್ರಿಯವಾದದ್ದು. ನಾಜಿಗಳ ಕಾಟಕ್ಕೆ ವಿಯೆನ್ನಾ ಬಿಟ್ಟು ಇಂಗ್ಲೆಂಡಿಗೆ ಬಂದು ನೆಲೆಸಿದ್ದ ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ತರುಣಿ 1954ರಲ್ಲಿ ಮಂಡ್ಯದ ಹಳ್ಳಿಗಳಿಗೆ ಬಂದು, 1956ರವರೆಗೆ ಇದ್ದು ಅಧ್ಯಯನ ಮಾಡಿದರು. ಕನ್ನಂಬಾಡಿಯ ನೀರು ಕಾಲುವೆಯಲ್ಲಿ ಹರಿದುಬಂದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಆಗಲೇ ಎರಡು ದಶಕಗಳಾಗಿದ್ದವು. ನೀರಾವರಿಯಿಂದ ಹಳ್ಳಿಯ ಸಮಾಜ ಹೇಗೆ ಬದಲಾಗುತ್ತದೆ ಎಂಬುದು ಅವರ ಪ್ರಶ್ನೆ. ಅವರು ಆರಿಸಿಕೊಂಡದ್ದು ಎರಡೇ ಹಳ್ಳಿ. ಒಂದಕ್ಕೆ ಕಾಲುವೆಯ ನೀರು ಬಂದಿತ್ತು. ಇನ್ನೊಂದು ಎತ್ತರದಲ್ಲಿದ್ದುದರಿಂದ ಅದರ ಜಮೀನಿಗೆ ನೀರು ಹತ್ತಿರಲಿಲ್ಲ. ಮೊದಲನೆಯದಕ್ಕೆ 'ವಂಗಲ' ಎಂದೂ ಎರಡನೆಯದಕ್ಕೆ 'ದಲೇನ' ಎಂದೂ ಅವರು ಹೆಸರು ಕೊಟ್ಟರು.

ಯಾರನ್ನು ಕೇಳಿದರೂ ಏನು ಹೇಳುತ್ತಿದ್ದರು? ನೀರು ಬಂದ ಊರು ಬದಲಾಗಿರುತ್ತದೆ, ನೀರಿಲ್ಲದ ಊರು ಇದ್ದಲ್ಲೇ ಇರುತ್ತದೆ ಎಂದು. ನಾನೂ ಹಾಗೆಯೇ ಹೇಳುತ್ತಿದ್ದೆ. ಎಪ್ಸ್ಟೀನ್ ಕಂಡದ್ದು ಇದಕ್ಕೆ ತದ್ವಿರುದ್ಧ. ವಂಗಲದಲ್ಲಿ ಕಬ್ಬು ಬಂತು, ಹಣ ಬಂತು; ಆದರೆ ರೈತ ರೈತನಾಗಿಯೇ ಉಳಿದ. ಮನೆತನಗಳ ನಡುವಿನ ಸ್ಥಾನಮಾನ, ಒಕ್ಕಲಿಗ ಭೂಮಾಲೀಕರಿಗೂ ದಲಿತ ಕೂಲಿಗಾರರಿಗೂ ತಲೆತಲಾಂತರದಿಂದ ಬಂದ ಸಂಬಂಧ ಇವೆಲ್ಲ ಬಹುಮಟ್ಟಿಗೆ ಹಾಗೆಯೇ ಮುಂದುವರಿದವು. ಹೊಸ ಹಣ ಹಳೆಯ ಚೌಕಟ್ಟಿನೊಳಗೇ ಕೂತಿತು. ನೀರು ಬಾರದ ದಲೇನದವರು ಮಾತ್ರ ಸುಮ್ಮನೆ ಕೂರುವಂತಿರಲಿಲ್ಲ. ಅಕ್ಕಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು, ಗಾಡಿ ಹೊಡೆದರು, ವ್ಯಾಪಾರಕ್ಕೆ ಇಳಿದರು, ಮಂಡ್ಯದ ಕಾರ್ಖಾನೆಗೆ, ಕಚೇರಿಗಳಿಗೆ ಕೆಲಸಕ್ಕೆ ಹೋದರು. ಹೊರಗಿನ ಪ್ರಪಂಚದೊಡನೆ ವ್ಯವಹಾರ ಬೆಳೆದ ಹಾಗೆ ಒಳಗಿನ ಹಳೆಯ ಕಟ್ಟುಗಳು ಸಡಿಲವಾದವು. ನೀರು ಬಾರದ ಊರೇ ಹೆಚ್ಚು ಬದಲಾಗಿತ್ತು!

ಈ ಅಧ್ಯಯನದ ಪುಸ್ತಕ 1962ರಲ್ಲಿ ಹೊರಬಂತು. ಎಪ್ಸ್ಟೀನ್ ಅಲ್ಲಿಗೇ ಬಿಡಲಿಲ್ಲ. 1970ರಲ್ಲಿ ಅದೇ ಹಳ್ಳಿಗಳಿಗೆ ಮತ್ತೆ ಬಂದರು. 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ಸೂರ್ಯನಾರಾಯಣ ಮತ್ತು ತಿಮ್ಮೇಗೌಡ ಅವರೊಡನೆ ಸೇರಿ, ಆ ಹಳ್ಳಿಗಳ ನಲವತ್ತು ವರ್ಷಗಳ ಬದಲಾವಣೆಯನ್ನು ಕುರಿತು 1998ರಲ್ಲಿ ಮತ್ತೊಂದನ್ನು ಪ್ರಕಟಿಸಿದರು. ಎರಡೇ ಹಳ್ಳಿ, ಆದರೆ ನಲವತ್ತು ವರ್ಷದ ನಂಟು. ಇದನ್ನು ಕಡಿಮೆ ಎನ್ನಲು ಯಾವ ತಕ್ಕಡಿ ಬೇಕು?

ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೆ. ಎಪ್ಸ್ಟೀನ್ ಅವರ ಕೆಲಸದ ಬೆಲೆ ಇರುವುದು ಹಳ್ಳಿಗಳ ಸಂಖ್ಯೆಯಲ್ಲಿ ಅಲ್ಲ. ಎಲ್ಲರೂ ನಂಬಿದ್ದ ಮಾತಿಗೆ 'ಅಲ್ಲ' ಎನ್ನುವ ಅವಕಾಶ ಆ ಹಳ್ಳಿಗಳಿಗೆ ಸಿಕ್ಕಿತಲ್ಲ, ಅದರಲ್ಲಿ. ಮೊದಲೇ ಅಚ್ಚು ಹಾಕಿಸಿದ ಪ್ರಶ್ನಾವಳಿಯಲ್ಲಿ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಬರುತ್ತದೆ. ನಾವು ಕೇಳಲು ಮರೆತದ್ದಕ್ಕೆ ಅಲ್ಲಿ ಖಾಲಿ ಜಾಗವಿರುವುದಿಲ್ಲ. ಹತ್ತಿರ ಕೂತು ನೋಡಿದಾಗ ಪ್ರಕರಣವೇ ನಮ್ಮನ್ನು ತಿದ್ದುತ್ತದೆ. ಹಾಗೆ ತಿದ್ದಿಸಿಕೊಳ್ಳಲು ಸಿದ್ಧರಿಲ್ಲದವರು ಮೂರು ಮನೆ ನೋಡಿದರೂ ಒಂದೇ, ಮೂರು ಸಾವಿರ ಮನೆ ನೋಡಿದರೂ ಒಂದೇ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರವಲ್ಲ, ಆಗಲೇ ಹೇಳಿದೆನಲ್ಲ, ಸಾಲ.

ನಾನು ಬಿ.ಎಡ್. ಮಾಡಿದ್ದು 1982ರಲ್ಲಿ. ಮನೋವಿಜ್ಞಾನದ ಪ್ರಾಯೋಗಿಕ ಕೆಲಸದ ಅಂಗವಾಗಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಒಬ್ಬ ವಿದ್ಯಾರ್ಥಿಯ ವ್ಯಕ್ತಿ ಅಧ್ಯಯನ ಮಾಡಿ ರೆಕಾರ್ಡ್ ಬರೆಯಬೇಕಿತ್ತು. ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನನ್ನು ಆರಿಸಿಕೊಂಡೆ. ಗಣಿತದಲ್ಲಿ ತೀರಾ ಹಿಂದೆ. ಪ್ರತಿ ಮಂಗಳವಾರ ಗೈರುಹಾಜರು. ಹಾಜರಿ ಪುಸ್ತಕ ನೋಡಿದೆ, ಅಂಕಪಟ್ಟಿ ನೋಡಿದೆ, ತರಗತಿಯ ಶಿಕ್ಷಕರನ್ನು ಕೇಳಿದೆ, ಹುಡುಗನನ್ನು ಅರ್ಧ ಗಂಟೆ ಕೂರಿಸಿಕೊಂಡು ಮಾತನಾಡಿಸಿದೆ. ಅವನು ನೆಲ ನೋಡುತ್ತಿದ್ದನೇ ಹೊರತು ಬಾಯಿ ಬಿಡಲಿಲ್ಲ. ಅಷ್ಟರ ಆಧಾರದ ಮೇಲೆ ಹದಿನಾಲ್ಕು ಪುಟ ಬರೆದೆ. ಕೌಟುಂಬಿಕ ಹಿನ್ನೆಲೆ, ಬುದ್ಧಿಮಟ್ಟ, ಸಮಸ್ಯೆಯ ಕಾರಣ, ಪರಿಹಾರೋಪಾಯ ಎಂದು ಕೆಂಪು ಮಸಿಯ ಶೀರ್ಷಿಕೆಗಳು. 'ತಂದೆಯಿಲ್ಲ, ತಾಯಿಗೆ ಶಿಕ್ಷಣದಲ್ಲಿ ಆಸಕ್ತಿಯಿಲ್ಲ, ಬುದ್ಧಿಮಟ್ಟ ಸಾಮಾನ್ಯಕ್ಕಿಂತ ಕಡಿಮೆ' ಎಂದು ಬರೆದದ್ದು ಇಂದಿಗೂ ನೆನಪಿದೆ. ಇಪ್ಪತ್ತಕ್ಕೆ ಹದಿನೆಂಟು ಅಂಕ ಬಂತು.

ರೆಕಾರ್ಡ್ ಒಪ್ಪಿಸಿದ ಕೆಲವು ದಿನಗಳ ಮೇಲೆ ಒಂದು ಮಂಗಳವಾರ, ನಮ್ಮ ರೂಮಿನ ಅಡುಗೆಗೆ ತರಕಾರಿ ತರಲು ಸಂತೆಗೆ ಹೋದೆ. ಈರುಳ್ಳಿ, ಒಣಮೆಣಸಿನಕಾಯಿ ಹರಡಿಕೊಂಡು ಕೂತ ಒಬ್ಬ ಹೆಂಗಸಿನ ಪಕ್ಕದಲ್ಲಿ ಆ ಹುಡುಗ ತಕ್ಕಡಿ ಹಿಡಿದು ಕೂತಿದ್ದ. ಮುಕ್ಕಾಲು ಕೆ.ಜಿ.ಗೆ ಇಷ್ಟು, ಕಾಲು ಕೆ.ಜಿ. ಹೆಚ್ಚಿಗೆ ಹಾಕಿದರೆ ಇಷ್ಟು, ಹತ್ತರ ನೋಟು ಕೊಟ್ಟರೆ ಚಿಲ್ಲರೆ ಇಷ್ಟು ಎಂದು, ನಾನು ಬೆರಳು ಮಡಿಸುವಷ್ಟರಲ್ಲಿ ಅವನು ಹೇಳಿ ಮುಗಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಯಾರೆಂದು ಗೊತ್ತಾದ ಮೇಲೆ ಅವನ ತಾಯಿ ಕೈಮುಗಿದು, "ಇವ್ನು ಲೆಕ್ಕಕ್ಕೆ ಕೂರ್ದಿದ್ರೆ ನಂಗೆ ಎಲ್ರೂ ಮೋಸ ಮಾಡ್ಬಿಡ್ತಾರೆ ಸ್ವಾಮಿ. ಮಂಗಳವಾರ ಒಂದಿನ ಬಿಟ್ರೆ ಇಸ್ಕೂಲು ತಪ್ಸಾಕಿಲ್ಲ" ಎಂದಳು. ಬೇಡವೆಂದರೂ ನನ್ನ ಚೀಲಕ್ಕೆ ಒಂದು ಹಿಡಿ ಈರುಳ್ಳಿ ಹೆಚ್ಚಿಗೆ ಹಾಕಿದಳು.

ವಾರದ ಒಂದು ದಿನದ ಗೈರುಹಾಜರಿಯನ್ನು ನಾನು ನೋಡಿದ್ದೆ. ಆ ದಿನ ಊರಿನಲ್ಲಿ ಸಂತೆ ಎಂಬುದನ್ನು ನೋಡಿರಲಿಲ್ಲ. ಹದಿನಾಲ್ಕು ಪುಟಗಳಲ್ಲಿ ಒಂದು ಸಾಲನ್ನೂ ಆ ಹುಡುಗನ ಮನೆಯ ಹೊಸ್ತಿಲಲ್ಲಿ ನಿಂತು ಬರೆದಿರಲಿಲ್ಲ. ಅದು ವ್ಯಕ್ತಿ ಅಧ್ಯಯನವಲ್ಲ. ವ್ಯಕ್ತಿಯ ಬಗ್ಗೆ ನನಗೆ ಮೊದಲೇ ಇದ್ದ ಅಭಿಪ್ರಾಯಕ್ಕೆ ಹೊಲಿದ ಅಂಗಿ.

ಮರುದಿನವೇ ಹೋಗಿ ರೆಕಾರ್ಡ್ ತಿದ್ದಬೇಕಿತ್ತು. ತಿದ್ದಲಿಲ್ಲ. ಬಂದ ಅಂಕ ಕೈತಪ್ಪೀತೆಂಬ ಭಯ. ಶಾಲೆಯ ಶಿಕ್ಷಕರಿಗಾದರೂ ಹೇಳಬೇಕಿತ್ತು. ಅದನ್ನೂ ಮುಂದೂಡಿದೆ, ಅಷ್ಟರಲ್ಲಿ ಬೋಧನಾಭ್ಯಾಸ ಮುಗಿಯಿತು. ಮುಂದಿನ ವರ್ಷ ಆ ಶಿಕ್ಷಕರು ಪೇಟೆಯಲ್ಲಿ ಸಿಕ್ಕಾಗ ವಿಚಾರಿಸಿದೆ. ಹುಡುಗ ಎಂಟರಲ್ಲಿ ಅನುತ್ತೀರ್ಣನಾಗಿ ಶಾಲೆ ಬಿಟ್ಟಿದ್ದನಂತೆ. "ನೀವೇ ಬರೆದಿದ್ರಲ್ಲ, ಅವನಿಗೆ ತಲೆಗೆ ಹತ್ತೋದಿಲ್ಲ ಅಂತ" ಎಂದರು, ಸಹಜವಾಗಿ. ನನ್ನ ಬರಹದಿಂದಲೇ ಹಾಗಾಯಿತು ಎಂದು ಹೇಳಲಾರೆ. ಆಗಲಿಲ್ಲ ಎಂದೂ ಹೇಳಲಾರೆ.

ಬಹಳ ವರ್ಷಗಳ ಮೇಲೆ ಬ್ರೆಜಿಲ್ ದೇಶದ ಒಂದು ಅಧ್ಯಯನದ ಬಗ್ಗೆ ಓದಿದೆ. ರೆಸಿಫೆ ಎಂಬ ನಗರದ ಬೀದಿಗಳಲ್ಲಿ, ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಗಣಿತವನ್ನು ಕ್ಯಾರಾಹರ್ ದಂಪತಿಗಳು ಮತ್ತು ಶ್ಲೀಮನ್ ಎಂಬ ಸಂಶೋಧಕಿ ಅಧ್ಯಯನ ಮಾಡಿ 1985ರಲ್ಲಿ ಪ್ರಕಟಿಸಿದರು. ಮಕ್ಕಳು ಎಷ್ಟು ಜನ ಎಂದುಕೊಂಡಿರಿ? ಐದೇ ಐದು. ಗಿರಾಕಿಗಳಾಗಿ ಹೋಗಿ ಲೆಕ್ಕ ಕೇಳಿದಾಗ ಆ ಮಕ್ಕಳ ಉತ್ತರಗಳಲ್ಲಿ ಶೇಕಡಾ 98 ಸರಿ. ಅಂಥವೇ ಲೆಕ್ಕಗಳನ್ನು ಆಮೇಲೆ ಶಾಲೆಯ ರೀತಿಯಲ್ಲಿ, ಬರಿಯ ಸಂಖ್ಯೆಗಳಾಗಿ ಕೊಟ್ಟಾಗ ಸರಿಯಾದವು ಶೇಕಡಾ 37 ಮಾತ್ರ. ಹನ್ನೆರಡು ವರ್ಷದ ಒಬ್ಬ ಹುಡುಗ ಮೂವತ್ತೈದರ ಬೆಲೆಯ ಹತ್ತು ತೆಂಗಿನಕಾಯಿಗೆ ಎಷ್ಟು ಎಂಬುದನ್ನು, ಮೂರಕ್ಕೆ ನೂರೈದು, ಇನ್ನೂ ಮೂರು ಸೇರಿಸಿದರೆ ಇನ್ನೂರಹತ್ತು, ಮತ್ತೆ ಸೇರಿಸಿದರೆ ಮುನ್ನೂರ ಹದಿನೈದು, ಉಳಿದದ್ದೊಂದು, ಒಟ್ಟು ಮುನ್ನೂರೈವತ್ತು ಎಂದು ತನ್ನದೇ ದಾರಿಯಲ್ಲಿ ಲೆಕ್ಕ ಹಾಕಿದ. ಹತ್ತರಿಂದ ಗುಣಿಸಲು ಸೊನ್ನೆ ಸೇರಿಸಿದರೆ ಸಾಕು ಎಂಬ ನಮ್ಮ ಶಾಲೆಯ ದಾರಿ ಅವನಿಗೆ ಬೇಕಾಗಲಿಲ್ಲ. ಐದು ಮಕ್ಕಳ ಈ ಅಧ್ಯಯನವು ಜಗತ್ತಿನ ಗಣಿತ ಶಿಕ್ಷಣದವರನ್ನು ಚಿಂತನೆಗೆ ಹಚ್ಚಿತು. ಅದನ್ನು ಓದುವಾಗ ನನ್ನ ಕಣ್ಣಮುಂದೆ ಇದ್ದದ್ದು ರೆಸಿಫೆಯಲ್ಲ, ನಮ್ಮ ಮಂಗಳವಾರದ ಸಂತೆ. ಅವರು ಮೂವರೂ ಮಾರುಕಟ್ಟೆಗೆ ಹೋದರು. ನಾನು ಸಿಬ್ಬಂದಿ ಕೊಠಡಿಯಲ್ಲಿ ಕೂತೆ. ವ್ಯತ್ಯಾಸ ಇಷ್ಟೇ.

ಹಾಗೆಂದು ಸಮೀಕ್ಷೆ ಬೇಡ ಎನ್ನುವವನು ನಾನಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇಕಡಾ 75.36. ಈ ಸಂಖ್ಯೆಯಿಲ್ಲದೆ ಸರ್ಕಾರ ಎಲ್ಲಿ ಶಾಲೆ ತೆರೆಯಬೇಕು ಎಂದು ಯೋಚಿಸುವುದೂ ಸಾಧ್ಯವಿಲ್ಲ. ಆದರೆ ಉಳಿದ ಕಾಲು ಭಾಗ ಹೇಗೆ ಹೊರಗುಳಿಯಿತು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ತಿಳಿಯಲು ಯಾರಾದರೂ ಸಂತೆಗೆ ಹೋಗಲೇಬೇಕು.

ಪ್ರಕರಣ ಅಧ್ಯಯನಕ್ಕೂ ಅದರದೇ ಆದ ದೋಷಗಳಿವೆ. ಅವುಗಳಲ್ಲಿ ದೊಡ್ಡದು, ಅದು ಬಹಳ ಸುಲಭವಾಗಿ ಸೊಗಸಾದ ಕಥೆಯಾಗಿಬಿಡುವುದು. ಆದ್ದರಿಂದ ನನ್ನ ಶಿಷ್ಯೆಗೆ, ಅವಳಂತೆ ಈ ದಾರಿ ಹಿಡಿದ ಇತರರಿಗೆ, ಮೇಷ್ಟ್ರ ಚಾಳಿಯಂತೆ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಇದೇ ಪ್ರಕರಣ ಏಕೆ ಎಂಬುದಕ್ಕೆ ಉತ್ತರವಿರಬೇಕು. ಎಪ್ಸ್ಟೀನ್ ಆರಿಸಿಕೊಂಡದ್ದು ನೀರು ಬಂದ ಒಂದು ಊರು, ಬಾರದ ಒಂದು ಊರು. ಆ ಆಯ್ಕೆಯಲ್ಲಿಯೇ ಅರ್ಧ ಸಂಶೋಧನೆ ಇದೆ. ಬಸ್ಸಿನ ಅನುಕೂಲವಿದೆ, ನೆಂಟರ ಮನೆಯಿದೆ ಎಂದು ಊರನ್ನು ಆರಿಸುವವರು ಮುಂದೆ ಬೇರೆ ಕಾರಣ ಕಟ್ಟಿ ಹೇಳಬೇಕಾಗುತ್ತದೆ.

ಎರಡನೆಯದು, ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ವಿಚಾರಿಸಬೇಕು. ನನ್ನ ಶಿಷ್ಯೆ ಹೇಳಿದ ಒಂದು ಸಂಗತಿ ಕೇಳಿ. ಸಂಬಳದ ಹಣವನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ಯಾರು ಎಂದು ಮನೆಯಲ್ಲಿ ಕೇಳಿದಾಗ ಒಬ್ಬ ಹೆಂಗಸು "ನಮ್ಮತ್ತೆ" ಎಂದಳಂತೆ. ಅತ್ತೆ ಪಕ್ಕದಲ್ಲಿಯೇ ಅವರೆಕಾಯಿ ಸುಲಿಯುತ್ತಿದ್ದರು. ಪ್ರಶ್ನಾವಳಿಯಲ್ಲಿ ಅದನ್ನೇ ತುಂಬಿಕೊಂಡು ಬಂದದ್ದಾಯಿತು. ನಾಲ್ಕು ತಿಂಗಳ ಮೇಲೆ, ನಸುಕಿನ ವ್ಯಾನಿನಲ್ಲಿ ಪಕ್ಕದಲ್ಲಿ ಕೂತಾಗ, ಓ.ಟಿ. ಹಣದಲ್ಲಿ ಸ್ವಲ್ಪವನ್ನು ಗೆಳತಿಯ ಬಳಿ ಚೀಟಿಗೆ ಕಟ್ಟುತ್ತಿರುವುದನ್ನು, ಮಗಳ ಕಾಲೇಜಿಗಾಗಿ ಅದನ್ನು ಕೂಡಿಡುತ್ತಿರುವುದನ್ನು ಅದೇ ಹೆಂಗಸು ತಾನಾಗಿ ಹೇಳಿದಳಂತೆ. ಮುನ್ನೂರು ಪ್ರಶ್ನಾವಳಿ ಹಂಚಿದರೂ ಮುನ್ನೂರು ಅತ್ತೆಯಂದಿರು ಪಕ್ಕದಲ್ಲಿಯೇ ಕೂತಿದ್ದರೆ ಆ ಶೇಕಡಾವಾರು ಯಾವ ಪುರುಷಾರ್ಥಕ್ಕೆ?

ಮೂರನೆಯದು, ನಾವು ಎಲ್ಲಿ ಕೂತು ನೋಡಿದೆವು ಎಂಬುದನ್ನು ಮುಚ್ಚಿಡಬಾರದು. ಶ್ರೀನಿವಾಸರು ರಾಂಪುರದಲ್ಲಿ ಇಳಿದುಕೊಂಡದ್ದು ಊರಿನ ಯಜಮಾನರಿಗೆ ಸೇರಿದ ಮನೆಯಲ್ಲಿ. ಜಾತಿಯಲ್ಲಿ ಅವರು ಬ್ರಾಹ್ಮಣರು. ಮೇಲಿನವರ ಜಗಲಿಯಿಂದ ಕಂಡ ಊರು ದಲಿತರ ಕೇರಿಯಿಂದ ಕಾಣುವ ಊರಲ್ಲ. ಈ ಮಿತಿಯನ್ನು ಅವರೇ ಒಪ್ಪಿಕೊಂಡು ಬರೆದಿದ್ದಾರೆ. ಅಂಥ ಒಪ್ಪಿಗೆಯಿಂದ ಸಂಶೋಧನೆಯ ತೂಕ ಕಡಿಮೆಯಾಗುವುದಿಲ್ಲ. ಓದುವವನಿಗೆ ಎಷ್ಟು ನಂಬಬೇಕು, ಎಲ್ಲಿ ಅನುಮಾನಿಸಬೇಕು ಎಂಬುದು ತಿಳಿಯುತ್ತದೆ.

ನಾಲ್ಕನೆಯದು, ಬಾಗಿಲು ತೆರೆದವರನ್ನು ಬೀದಿಗೆ ತರಬಾರದು. ರಾಂಪುರ, ವಂಗಲ, ದಲೇನ ಎಲ್ಲವೂ ಇಟ್ಟ ಹೆಸರುಗಳು ಎಂಬುದನ್ನು ಗಮನಿಸಿ. ಚೀಟಿ ಕಟ್ಟುವ ಆ ಹೆಂಗಸು ಯಾರು, ಯಾವ ಊರಿನವಳು ಎಂಬುದನ್ನು ನನ್ನ ಶಿಷ್ಯೆ ನನಗೂ ಹೇಳಲಿಲ್ಲ. ಅವಳ ಮೇಲೆ ನನಗೆ ಹೆಮ್ಮೆ ಮೂಡಿದ್ದು ಆಗಲೇ. ನನ್ನ ರೆಕಾರ್ಡಿನಲ್ಲಿ ಆ ಹುಡುಗನ ಹೆಸರು, ತಂದೆಯ ಹೆಸರು, ಜಾತಿ ಎಲ್ಲವನ್ನೂ ದುಂಡು ಅಕ್ಷರದಲ್ಲಿ ಬರೆದಿದ್ದೆ.

ಕೊನೆಯದಾಗಿ ಒಂದು ಮಾತು. 1970ರ ಏಪ್ರಿಲ್ ತಿಂಗಳಿನಲ್ಲಿ ಶ್ರೀನಿವಾಸರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಅವರ ಕೊಠಡಿಗೆ ಕಿಡಿಗೇಡಿಗಳು ಬೆಂಕಿಯಿಟ್ಟರು. ರಾಂಪುರದ ಬಗ್ಗೆ ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರು. ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು, ನೆನಪಿನಿಂದಲೇ ಬರೆಯಿರಿ ಎಂದು ಸೂಚಿಸಿದರು. ಹಾಗೆ ಬರೆದ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಹೆಸರೇ 'ದಿ ರಿಮೆಂಬರ್ಡ್ ವಿಲೇಜ್', ನೆನಪಿನ ಹಳ್ಳಿ. ಕೋಷ್ಟಕಗಳು ಸುಟ್ಟರೆ ಮತ್ತೆ ಬರೆಯುವುದು ಹೇಗೆ? ಆದರೆ ಜೊತೆಗೆ ಕೂತು ನೋಡಿದ ಮನುಷ್ಯರು ಇಪ್ಪತ್ತೆರಡು ವರ್ಷಗಳ ಮೇಲೂ ಅವರ ಮನಸ್ಸಿನಲ್ಲಿ ಉಳಿದಿದ್ದರು. ಯಾರನ್ನಾದರೂ ಅಷ್ಟು ಹತ್ತಿರದಿಂದ ಅರಿಯುವುದು ಸಂಶೋಧನೆಯಲ್ಲ ಎಂದರೆ ನಾನು ಒಪ್ಪಲಾರೆ.

ಆ ಹಿರಿಯರು ಹೇಳಿದ ಅಜ್ಜಿಯ ಮಾತಿಗೂ ಉತ್ತರ ಕೊಡಬೇಕಲ್ಲ. ಅಜ್ಜಿ ಬರೆಯಬಹುದಿತ್ತು ಎಂದು ಅವರು ಹಾಸ್ಯ ಮಾಡಿದರು. ಅಜ್ಜಿಗೆ ಆ ಮೂರು ಮನೆಗಳ ವಿಷಯ ನಿಜವಾಗಿಯೂ ಗೊತ್ತಿರುತ್ತಿತ್ತು. ಆದರೆ ಗೊತ್ತಿರುವುದು ಒಂದು, ಅದು ಹೇಗೆ ಗೊತ್ತಾಯಿತು ಎಂಬುದಕ್ಕೆ ಲೆಕ್ಕ ಕೊಡುವುದು ಇನ್ನೊಂದು. ಏಕೆ ಆ ಮನೆ, ಯಾರನ್ನು ಕೇಳಿದೆ, ಯಾವುದು ಹೊಂದಲಿಲ್ಲ ಎಂದು ಬರೆದಿಟ್ಟು, ಇನ್ನೊಬ್ಬರು ಪರೀಕ್ಷಿಸುವಂತೆ ಮುಂದಿಟ್ಟರೆ ಅಜ್ಜಿಯ ಅರಿವೇ ಶಾಸ್ತ್ರವಾಗುತ್ತದೆ. ನನ್ನ ಶಿಷ್ಯೆಯ ಕೈಯಲ್ಲಿ ಅಂಥ ಎರಡು ವರ್ಷದ ಲೆಕ್ಕವಿದೆ. ಮುಂದಿನ ಸಭೆಗೆ ಅದನ್ನೇ ಹಿಡಿದುಕೊಂಡು ಹೋಗು ಎಂದು ಮೊನ್ನೆ ಮತ್ತೆ ಹೇಳಿದೆ. ಅವರು ಒಪ್ಪುತ್ತಾರೋ ಬಿಡುತ್ತಾರೋ ತಿಳಿಯದು. "ಹೆದರಿಕೆ ಆಗುತ್ತೆ ಸರ್, ಆದ್ರೂ ಹೋಗ್ತೀನಿ" ಎಂದಳು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಕೆಲವರು ಕಚೇರಿಗಳಲ್ಲಿ ಜನರ ಅರ್ಜಿಗಳನ್ನು ನೋಡುವ ಸ್ಥಾನದಲ್ಲಿದ್ದೀರಿ. ದಿನವೂ ಯಾರಾದರೊಬ್ಬರ ಬಗ್ಗೆ ಎರಡು ಸಾಲು ಷರಾ ಬರೆಯುತ್ತೀರಿ. ಅದೂ ಒಂದು ಪುಟ್ಟ ವ್ಯಕ್ತಿ ಅಧ್ಯಯನವೇ. ಬರೆಯುವ ಮುನ್ನ, ಆ ದಿನ ಊರಿನಲ್ಲಿ ಸಂತೆಯೇನಾದರೂ ಇತ್ತೇ ಎಂದು ಒಮ್ಮೆ ವಿಚಾರಿಸಿ. ನನ್ನಿಂದ ತೀರಿಸಲಾಗದ ಸಾಲದಲ್ಲಿ ಅಷ್ಟಾದರೂ ತೀರೀತು.